ಹರಕೆ ಬೆಲ್ಲದ ತೂಕ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಮೊದಲನೇ ಮಾತಿಗೇ ಅಡ್ಡ ಬರಬೇಡ ಮಗ, ಹೊಳೆ ದಂಡೆ ಮೇಲೆ ಒಂದು ಊರಿತ್ತಂತೆ, ಆ ಊರಲ್ಲಿ ಚನ್ನಾಜಮ್ಮ ಅಂತ ಬೆಲ್ಲದ ಮಂಡಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಇದ್ದಳಂತೆ. ವ್ಯಾಪಾರದಲ್ಲಿ ಬಲು ಗಟ್ಟಿಗಿತ್ತಿ. ಅಚ್ಚನ್ನ ಉಗುರಲ್ಲಿ ಕೆರೆದು ನಾಲಿಗೆ ಮೇಲಿಟ್ಟುಕೊಂಡರೆ ಸಾಕು, ಯಾವ ಆಲೆಮನೆಯ ಬೆಲ್ಲ ಅಂತ ಹೇಳಿಬಿಡ್ತಿದ್ದಳಂತೆ. ಅಂಥವಳು ಸ್ವಂತ ವಿಷಯಕ್ಕೆ ಬಂದರೆ ಎಂಥ ಪೆದ್ದಿ ಅಂತೀಯ, ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತೆ.

ಅವಳ ಅಂಗಡಿ ಎದುರಿಗೇ ಹೊಳೆ, ಹೊಳೆ ನಡುವೆ ಒಂದು ನಡುಗಡ್ಡೆ. ಚಳಿ ಕಳೀತಿದ್ದ ಹಾಗೇ ಆ ಗಡ್ಡೆಯ ಮರಗಳೆಲ್ಲ ಬೆಳ್ಳಗೆ ಹೂ ಬಿಟ್ಟ ಹಾಗೆ ಕಾಣ್ತಿದ್ದವಂತೆ, ಹೂವಲ್ಲ, ಹಕ್ಕಿ. ಸ್ವಂತ ಕೈಯಲ್ಲಿ ಹುಟ್ಟು ಹಾಕಿಕೊಂಡು ಹರಿಗೋಲಲ್ಲಿ ಅಲ್ಲಿಗೆ ಹೋಗಬೇಕು ಅಂತ ಅವಳಿಗೆ ಲಂಗ ಉಡೋ ಕಾಲದಿಂದ ಆಸೆ. ಮದುವೆ ಆಗಲಿ ಅಂದಳು, ಆಯ್ತು. ಮಕ್ಕಳು ದೊಡ್ಡವಾಗಲಿ ಅಂದಳು, ಆದವು. ಅಷ್ಟರಲ್ಲಿ ಮೂವತ್ತು ವರ್ಷ ತಕ್ಕಡಿ ಮುಂದೆ ಕೂತೂ ಕೂತೂ ಏಳು ಮಣ ತೂಕ ಆಗಿ ಕೂತಳಂತೆ. ಮಣ ಅಂದರೆ ಹನ್ನೊಂದು ಕೇಜಿ ಅಂದುಕೊ, ಗುಣಿಸಬೇಡ, ಮಲಕ್ಕೊ.

ಒಂದು ದಿನ ಧೈರ್ಯ ಮಾಡಿ ಹರಿಗೋಲಿನ ಹತ್ತಿರ ಹೋದರೆ, ಅಲ್ಲೇ ಬಟ್ಟೆ ಒಗೀತಿದ್ದ ನಾದಿನಿ ಜವರಮ್ಮ, ಹತ್ತೋ ಮುಂಚೆ ಒಂದು ಮಾತು ಹೇಳಿ ಅತ್ತಿಗೆ, ಹೊಳೆ ಉಕ್ಕೋದರೊಳಗೆ ಬಟ್ಟೆ ಎತ್ತಿಕೊತೀನಿ ಅಂದಳಂತೆ. ಚನ್ನಾಜಮ್ಮ ಬಂದ ದಾರೀಲೇ ತಿರುಗಿದಳಂತೆ. ಮಂಡಿಗೆ ಬಂದು ಹೊಸ ಬೆಲ್ಲ ಐದು ಮಣ ತೂಗಿ, ಮಂಕರಿಗೆ ತುಂಬಿ, ಅರಿಶಿನದ ಬಟ್ಟೆ ಕಟ್ಟಿ, ಹೊಳೆಯಮ್ಮನಿಗೆ ಹರಕೆ ಹೊತ್ತಳಂತೆ. ತಾಯಿ, ಈ ಬೆಲ್ಲಕ್ಕಿಂತ ನಾನು ಹಗುರಾದ ದಿನ ಇದನ್ನ ನಿನಗೆ ಒಪ್ಪಿಸಿ ಹರಿಗೋಲು ಹತ್ತುತೀನಿ, ಅಲ್ಲೀತನಕ ನೀರಿಗೆ ಕಾಲಿಡಲ್ಲ ಅಂತ. ಹರಕೆ ಬೆಲ್ಲ ಅಂದಮೇಲೆ ಅದನ್ನ ಮಾರೋ ಹಾಗಿಲ್ಲ, ಬದಲಾಯಿಸೋ ಹಾಗಿಲ್ಲ, ಮೇಲಕ್ಕೆ ಒಂದು ಅಚ್ಚು ಸೇರಿಸೋ ಹಾಗೂ ಇಲ್ಲ. ಹೊಳೆಯಮ್ಮ ಕೇಳಿದ್ದಳಾ ಇವಳ ತೂಕಾನ? ಕೇಳಿರಲಿಲ್ಲ.

ಆಮೇಲೆ ಎರಡು ಮುದ್ದೆ ಉಣ್ಣೋಳು ಒಂದಕ್ಕೆ ಬಂದಳು, ಬೆಳಿಗ್ಗೆ ಹುರುಳಿ ಕಟ್ಟು ಕುಡಿದಳು, ಆಲೆಮನೆಗೆ ಗಾಡಿ ಬಿಟ್ಟು ನಡಕೊಂಡು ಹೋದಳು. ಯುಗಾದಿ ಬಂತು, ದೊಡ್ಡ ತಕ್ಕಡೀಲಿ ಒಂದು ಕಡೆ ಬೆಲ್ಲ, ಒಂದು ಕಡೆ ಇವಳು. ಇವಳ ತಟ್ಟೆ ನೆಲಕ್ಕೆ ಕೂತಿತಂತೆ. ಆ ವರ್ಷ ಮಂಕರಿಗೆ ಇರುವೆ ಹತ್ತಿತ್ತು, ಅದನ್ನ ಕೊಡವಿ ಇಟ್ಟಳು ಅಷ್ಟೆ.

ಎರಡನೇ ವರ್ಷ ಮುದ್ದೆ ಮುಕ್ಕಾಲಾಯ್ತು. ಮಳೆಗಾಲದಲ್ಲಿ ಬೆಲ್ಲ ನೀರೊಡೆದು ಪಾಕ ನೆಲಕ್ಕೆ ಸುರೀತು, ಒರೆಸಿಕೊಂಡಳು. ಯುಗಾದಿ ದಿನ ಕೂತಳು, ತಟ್ಟೆ ಮತ್ತೆ ನೆಲಕ್ಕೆ.

ಮೂರನೇ ವರ್ಷ ಮುದ್ದೆ ಅರ್ಧ. ಹೊಟ್ಟೆ ಚುರುಗುಟ್ಟಿದಾಗಲೆಲ್ಲ ಮಂಕರಿ ಬಟ್ಟೆ ಸರಿಸಿ ಚೂರೇ ಚೂರು ಮುರಿದು ಬಾಯಿಗೆ ಹಾಕಿಕೊಳ್ಳೋಳಂತೆ. ಹರಕೆದು, ಪ್ರಸಾದ, ಪ್ರಸಾದ ತಿಂದರೆ ಮೈಗೆ ಹತ್ತಲ್ಲ ಅಂತ. ಏನು ಹೇಳೋಣ ಇವಳಿಗೆ. ಯುಗಾದಿ ದಿನ ಕೂತಳು. ಈ ಸಲ ತಟ್ಟೆ ಇನ್ನೂ ಜೋರಾಗಿ ಕೂತಿತಂತೆ. ಚನ್ನಾಜಮ್ಮ ತಕ್ಕಡೀಲೇ ಕೂತು ಅತ್ತಳಂತೆ.

ಆಗ ಹರಿಗೋಲಿನ ಬೋರಕ್ಕ ಬಂದಳು. ಚನ್ನಾಜಮ್ಮನ ಬೆಲ್ಲಾನ ಮೂವತ್ತು ವರ್ಷದಿಂದ ಆಚೆ ದಡದ ಸಂತೆಗೆ ದಾಟಿಸ್ತಿದ್ದ ಮುದುಕಿ. ಚನ್ನಾಜವ್ವ, ನನ್ನ ರಟ್ಟೆ ಸೋತೋಯ್ತು, ಹಕ್ಕಿ ಹೋಗೋ ಹೊತ್ತಿಗೆ ನಾನೂ ಹುಟ್ಟು ಇಳಿಸ್ತೀನಿ, ಕಲಿಯೋದಾದರೆ ಈಗಲೇ ಕಲಿ, ಆಮೇಲೆ ಈ ಊರಲ್ಲಿ ನಿನಗೆ ಕಲಿಸೋರು ಯಾರೂ ಇಲ್ಲ ಅಂದಳಂತೆ. ಇವಳು ಮೂಗು ಒರೆಸಿಕೊಂಡು, ಬರೋ ಯುಗಾದಿಗೆ ಹಗುರಾಗಿರ್ತೀನಿ ಕಣೆ ಬೋರಕ್ಕ ಅಂದಳಂತೆ.

ಬೋರಕ್ಕ ಹಣೆ ಚಚ್ಚಿಕೊಂಡಳು. ಬೆಲ್ಲಾನಾದರೂ ಮೂಲೆಗೆ ಎಳೆದಿಡ್ತೀನಿ ಅಂತ ಮಂಕರಿಗೆ ಕೈ ಹಾಕಿ ಜಗ್ಗಿದೋಳು ಹಾಗೇ ನಿಂತುಬಿಟ್ಟಳಂತೆ. ಮೂಟೆ ಎತ್ತೆತ್ತಿ ಸವೆದ ಕೈ ಅದು, ಅದಕ್ಕೆ ಸುಳ್ಳು ಹೇಳೋಕಾಗಲ್ಲ.

ಇದು ಎಷ್ಟು ಮಣ ಅಂದೆ?

ಐದು.

ನಿನ್ನ ತಲೆ. ತಗೊಂಡು ಬಾ ಕಬ್ಬಿಣದ ಕಲ್ಲು.

ಕಬ್ಬಿಣದ ತೂಕದ ಕಲ್ಲಿಟ್ಟು ಬೆಲ್ಲ ತೂಗಿದರೆ ನಾಲ್ಕೇ ಮಣ. ಅದೇ ಕಲ್ಲಲ್ಲಿ ಚನ್ನಾಜಮ್ಮನ್ನ ತೂಗಿದರೆ ಆರು. ಬೋರಕ್ಕ ಅಂದಳಂತೆ, ಮೂರು ವರ್ಷದಲ್ಲಿ ನೀನು ಒಂದು ಮಣ ಇಳಿದಿದೀಯ ಕಣೆ ಮೂದೇವಿ, ನಿನ್ನ ಜೊತೆ ಪೈಪೋಟಿಗೆ ಬಿದ್ದು ಬೆಲ್ಲಾನೂ ಒಂದು ಮಣ ಇಳಿದಿದೆ. ಇಟ್ಟ ಬೆಲ್ಲ ಸೊರಗುತ್ತೆ ಅಂತ ಊರಿಗೆಲ್ಲ ಹೇಳೋಳು ನೀನು, ನಿನಗೆ ಹೇಳೋರು ಯಾರು?

ನೋಡಿದೆಯಾ ಮಗ? ಇಳಿದದ್ದಕ್ಕೆ ಹೋಳಿಗೆ ಮಾಡೋ ಬದಲು ಮೂರು ಯುಗಾದಿ ಅಳುತಾ ಕೂತಿದ್ದಳು.

ಅಷ್ಟಾದರೂ ಚನ್ನಾಜಮ್ಮ, ಐದು ಆಗಿಲ್ಲವಲ್ಲ, ಹರಿಗೋಲು ಮುಳುಗಿದರೆ ಅಂದಳಂತೆ. ಬೋರಕ್ಕನಿಗೆ ರೇಗಿಹೋಯ್ತು. ಸಂತೆ ದಿನ ನನ್ನ ಹರಿಗೋಲಿಗೆ ಎಷ್ಟು ಹೇರಿಸ್ತೀಯ ಅಂತ ಕೇಳಿದಳು. ಇಪ್ಪತ್ತು ಮಣ. ಎಷ್ಟು ವರ್ಷದಿಂದ? ಮೂವತ್ತು. ಒಂದು ದಿನಾನಾದರೂ ಮುಳುಗಿತಾ? ಇಲ್ಲ. ಹಾಗಾದರೆ ನಿನ್ನನ್ನ ಆರು ಮಣ ಬೆಲ್ಲ ಅಂದುಕೊಂಡು ಹತ್ತು, ಬೆಲ್ಲ ಆದರೆ ಹೀಗೆ ಮಾತಾಡಲ್ಲ ಅಂದಳಂತೆ.

ಮಂಕರಿ ಮೊದಲು ಹರಿಗೋಲಿಗೆ ಹೋಯ್ತು, ಆಮೇಲೆ ಇವಳು ಕಣ್ಣು ಮುಚ್ಚಿಕೊಂಡು ಹತ್ತಿದಳು. ಹರಿಗೋಲು ಒಂದು ಸಲ ತೂಗಿ ಸುಮ್ಮನಾಯ್ತಂತೆ. ಹೊಳೆ ಉಕ್ಕಲಿಲ್ಲ, ಜವರಮ್ಮನ ಬಟ್ಟೆ ಇದ್ದಲ್ಲೇ ಇತ್ತು. ನಡು ಹೊಳೇಲಿ ಬೆಲ್ಲ ಒಪ್ಪಿಸಿ, ತಾಯಿ, ನಾನೂ ಮಾತು ತಪ್ಪಿದೆ, ಬೆಲ್ಲಾನೂ ಮಾತು ತಪ್ತು, ಹೊಟ್ಟೆಗೆ ಹಾಕ್ಕೊ ಅಂದಳಂತೆ.

ಆದರೆ ಹುಟ್ಟು ಹಿಡಿದರೆ ಹರಿಗೋಲು ಮಾತು ಕೇಳಬೇಕಲ್ಲ. ಮೊದಲನೇ ದಿನ ರಾಗಿ ಬೀಸೋ ಕಲ್ಲಿನ ಹಾಗೆ ನಿಂತಲ್ಲೇ ತಿರುಗಿತು. ಎರಡನೇ ದಿನವೂ ತಿರುಗಿತು, ದಡದ ಮೇಲೆ ಜವರಮ್ಮ ನಕ್ಕಳು. ಮೂರನೇ ದಿನ ಆ ಕಡೆಗೂ ತಿರುಗಿತು, ಈ ಕಡೆಗೂ ತಿರುಗಿತು. ನಾಲ್ಕನೇ ದಿನ ಮುಂದಕ್ಕೆ ಹೋಯ್ತಂತೆ. ಬೋರಕ್ಕ ಕೈ ಕಟ್ಟಿಕೊಂಡು ಕೂತಿದ್ದಳು, ಹುಟ್ಟು ಹಾಕಿದ್ದು ಚನ್ನಾಜಮ್ಮಾನೇ.

ನಡುಗಡ್ಡೆ ಹೇಗಿತ್ತು ಅಂತೀಯಾ? ನಾತ. ಮರದ ಕೆಳಗೆಲ್ಲ ಹಿಕ್ಕೆ, ಕೊಳೆತ ಮೀನು, ಹಕ್ಕಿಗಳ ಗಲಾಟೆಗೆ ಕಿವಿ ಮುಚ್ಚಿಕೊಬೇಕು. ಚನ್ನಾಜಮ್ಮ ಸೆರಗಲ್ಲಿ ಮೂಗು ಮುಚ್ಚಿಕೊಂಡು ನಿಂತೋಳು, ಹೊತ್ತು ನೆತ್ತಿಗೆ ಬಂದರೂ ಕದಲಲಿಲ್ಲವಂತೆ. ಬೋರಕ್ಕ ಕರೆದೂ ಕರೆದೂ ಸಾಕಾಗಿ ಹರಿಗೋಲಲ್ಲೇ ಮಲಗಿ ನಿದ್ದೆ ಮಾಡಿದಳಂತೆ.

ಆಮೇಲೆ ಬೋರಕ್ಕ ಹುಟ್ಟು ಇಳಿಸಿದಳು, ಅದನ್ನ ಚನ್ನಾಜಮ್ಮ ಇಸಕೊಂಡಳು. ತನ್ನ ಬೆಲ್ಲ ತಾನೇ ದಾಟಿಸ್ತಾಳೆ. ಹುರುಳಿ ಕಟ್ಟು ಬಿಟ್ಟಿಲ್ಲ, ಅಮಾವಾಸ್ಯೆಗೊಂದು ಸಲ ತಕ್ಕಡಿ ಹತ್ತುತಾಳೆ, ಕಬ್ಬಿಣದ ಕಲ್ಲಲ್ಲಿ.

ಐದು ಮಣ ಆದಳಾ ಅಂತ ಕೇಳ್ತೀಯಲ್ಲ, ಇನ್ನೂ ಅರ್ಧ ಮಣ ಉಳಿದಿದೆಯಂತೆ. ಇಳಿದಾಗ ಇಳೀಲಿ, ಹಕ್ಕಿ ಅದಕ್ಕೆ ಕಾಯಲ್ಲ. ಕತೆ ದಡ ಮುಟ್ತು, ಮುಗೀತು, ಇನ್ನು ನೀನು ಕಣ್ಣು ಮುಚ್ಚು.