ಎಂಟನೆಯ ಆವೃತ್ತಿಗೆ ಸಾಹೇಬರ ತಕರಾರು

ಧಾರವಾಡದ ಒಂದು ಸಂಸ್ಥೆಯವರು ಶಾಲೆಯ ಮಕ್ಕಳಿಗಾಗಿ ‘ಕೊಂಡಿ’ ಎಂಬ ಕಂಪ್ಯೂಟರ್ ಭಾಷೆ ಕಟ್ಟಿದ್ದರು. ಏಳನೆಯ ಆವೃತ್ತಿ ಬಳಕೆಯಲ್ಲಿತ್ತು, ಎಂಟು ಬಿಡುಗಡೆಗೆ ಸಿದ್ಧವಾಗಿತ್ತು. ‘ಕೊಂಡಿ ೮’ ಎಂದು ಪಠ್ಯಪುಸ್ತಕಗಳೂ ಅಚ್ಚಾಗಿ ಶಾಲೆ ಸೇರಿದ್ದವು. ಅಷ್ಟರಲ್ಲಿ, ಬಿಡುಗಡೆಯ ಹಿಂದಿನ ದಿನ, ನಿರ್ದೇಶಕ ಶಿರಹಟ್ಟಿ ಸಾಹೇಬರು ಸಭೆಯಲ್ಲಿ ಮೇಜು ಕುಟ್ಟಿದರು.

“ಎಂಟು ನನ್ನ ರಾಶಿಗೆ ಆಗಿಬರೂದಿಲ್ಲ. ಒಂಬತ್ತು ಅಂತ ಹೆಸರಿಡ್ರಿ. ಇಲ್ಲಾಂದ್ರ ನಾ ಸಹಿ ಹಾಕೂದಿಲ್ಲ!”

‘ಕೊಂಡಿ’ಯ ದೋಷ ತಿದ್ದುವ ಕೆಲಸದ ಇಂದುಮತಿ ಅಚ್ಚಾದ ಪುಸ್ತಕಗಳನ್ನು ನೆನೆದಳು. ಅಷ್ಟೂ ಪುಸ್ತಕ ರದ್ದಿಗೆ ಹೋದರೆ ಮಕ್ಕಳಿಗೆ ಈ ವರ್ಷ ಪಾಠವೇ ಇಲ್ಲ. ಆದರೆ ಸಾಹೇಬರೊಡನೆ ವಾದ ಮಾಡಿ ಗೆದ್ದವರನ್ನು ಅವಳು ಕಂಡಿರಲಿಲ್ಲ. ಹಾಗಾಗಿ ಒಪ್ಪಿಕೊಂಡೇ ಮಾತು ಶುರು ಮಾಡಿದಳು.

“ಖರೇ ಅದ ಸರ್, ಒಂಬತ್ತನೇದೇ ಆಗಬೇಕು. ಅದಕ್ಕ ನಾವು ಎಂಟು ಅಂತ ಬರದೀವಿ.”

“ಅಂದ್ರ?”

“ಕಂಪ್ಯೂಟರ್ ಎಣಿಕಿ ಸೊನ್ನಿಯಿಂದ ಶುರು ಆಗ್ತದ ಅಲ್ರಿ? ಸೊನ್ನಿ ಮೊದಲನೇದು, ಒಂದು ಎರಡನೇದು. ಹಂಗ ನೋಡಿದ್ರ ಎಂಟು ಬರೋಬ್ಬರಿ ಒಂಬತ್ತನೇದು.”

ಸಾಹೇಬರು ಬೆರಳು ಮಡಚಿ ಎಣಿಸಿದರು. ಮುಖ ಅರಳಿತು. ಮರುಕ್ಷಣವೇ ಬಿಳಿಚಿಕೊಂಡಿತು.

“ಹಂಗಾದ್ರ ಈಗ ನಡದಿರೋ ಏಳು?”

“ಅದು ಎಂಟನೇದು ಸರ್,” ಎಂದಳು ಇಂದುಮತಿ ಮೆಲ್ಲಗೆ.

“ಅದಕ್ಕ ನೋಡ್ರಿ ನನ್ನ ಬಡ್ತಿ ನಿಂತಿದ್ದು!” ಸಾಹೇಬರು ಪೆನ್ನಿಗಾಗಿ ಜೇಬು ತಡಕಾಡಿದರು. “ಎಲ್ಲಿ ಸಹಿ ಹಾಕ್ಲಿ? ನಾಳೆ ತನಕ ಯಾಕ, ಇವತ್ತೇ ಬಿಡುಗಡೆ ಮಾಡ್ರಿ!”