ಪಟದ ಅಡಿವೆಪ್ಪ ಮತ್ತು ಗುಮ್ಮನ ಮರಿಗಳು

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ಜೋಡುಗುಂಡು ಅಂತ ಒಂದು ಊರಿತ್ತು. ಊರ ಹಿಂದಿನ ಗುಡ್ಡದಲ್ಲಿ ಎರಡು ದೊಡ್ಡ ಗುಂಡುಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಊರಿಗೆ ಆ ಹೆಸರು ಬಂದದ್ದು ಅದರಿಂದಲೇ. ಆ ಊರಿನಲ್ಲಿ ಅಡಿವೆಪ್ಪ ಅಂತ ಒಬ್ಬನಿದ್ದ. ಅವನ ಹತ್ತಿರ ಮೂರು ಕಾಲಿನ ಮೇಲೆ ನಿಲ್ಲಿಸುವ ಒಂದು ಕ್ಯಾಮೆರಾ ಪೆಟ್ಟಿಗೆ ಇತ್ತು, ಅದಕ್ಕೊಂದು ಕರಿಬಟ್ಟೆಯಿತ್ತು. ಅದು ಅವನ ಕೈಗೆ ಹೇಗೆ ಬಂತು ಅನ್ನುವುದಕ್ಕೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ನಾಟಕದವರು ಬಿಟ್ಟುಹೋದದ್ದು ಅಂತಾರೆ. ಪೆಟ್ಟಿಗೆಯೇ ಅವನನ್ನು ಹುಡುಕಿಕೊಂಡು ಬಂತು ಅನ್ನುವ ಪುಣ್ಯಾತ್ಮರೂ ಇದ್ದಾರೆ. ಅದೇನೇ ಇರಲಿ, ಜನ ಅವನನ್ನು ಪಟದ ಅಡಿವೆಪ್ಪ ಅಂತ ಕರೆಯುತ್ತಿದ್ದರು.

ಆಗಿನ ಜನಕ್ಕೆ ಪಟ ಅಂದರೆ ಭಯ. ಪಟ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಅಂತ ನಂಬಿದ್ದರು. ಹಾಗಾಗಿ ಬದುಕಿದ್ದವರು ಯಾರೂ ಅವನ ಪೆಟ್ಟಿಗೆಯ ಮುಂದೆ ಕೂರುತ್ತಿರಲಿಲ್ಲ. ಸತ್ತ ಮೇಲೆ ಕೂರುತ್ತಿದ್ದರು. ಆಯುಷ್ಯ ಮುಗಿದವರಿಗೆ ಇನ್ನು ಕಡಿಮೆಯಾಗುವುದಕ್ಕೆ ಏನಿದೆ ಹೇಳಿ? ಹೆಣಕ್ಕೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿ, ಅಡಿವೆಪ್ಪನಿಗೆ ಹೇಳಿ ಕಳಿಸುತ್ತಿದ್ದರು. ಅವನು ಬಂದು ಮೂರು ಕಾಲು ನಿಲ್ಲಿಸಿ, ಕರಿಬಟ್ಟೆ ಹೊದ್ದು ನೋಡಿ, ಮುಚ್ಚಳ ತೆಗೆದು, ಮನಸ್ಸಿನಲ್ಲೇ ನಿಧಾನವಾಗಿ ಶಿವನಾಮ ಹೇಳಿ, ಮತ್ತೆ ಮುಚ್ಚುತ್ತಿದ್ದ. ಅಷ್ಟು ಹೊತ್ತು ಎದುರಿಗಿದ್ದವರು ಅಲುಗಾಡಬಾರದು. ಸತ್ತವರಷ್ಟು ಹೇಳಿದ ಮಾತು ಕೇಳುವವರು ಬೇರೆ ಯಾರಿದ್ದಾರೆ!

ಆಮೇಲೆ ಮನೆಗೆ ಬಂದು, ಪಟ ಒಣಗಿದ ಮೇಲೆ, ಸಣ್ಣ ಕುಂಚ ಹಿಡಿದು ಮುಚ್ಚಿದ ರೆಪ್ಪೆಗಳ ಮೇಲೆ ತೆರೆದ ಕಣ್ಣು ಬರೆಯುತ್ತಿದ್ದ. ಅದಕ್ಕೆ ಕಣ್ಣು ತೆರೆಸುವುದು ಅಂತಲೇ ಹೆಸರು. ಅವನು ಕಣ್ಣು ತೆರೆಸಿದರೆ ಸತ್ತ ಯಜಮಾನ ಗೋಡೆಯ ಮೇಲಿಂದ ಸೊಸೆಯಂದಿರನ್ನು ಗದರಿಸುವ ಹಾಗೆ ನೋಡುತ್ತಿದ್ದನಂತೆ. ಸುತ್ತಲ ಹಳ್ಳಿಗಳವರು ಗಾಡಿ ಕಟ್ಟಿಕೊಂಡು ಬಂದು ಅವನನ್ನು ಕರೆದೊಯ್ಯುತ್ತಿದ್ದರಂತೆ.

ಅವನ ಹೆಂಡತಿ ಕಲ್ಲವ್ವ. ಮದುವೆಯಾಗಿ ಎಷ್ಟೋ ಕಾಲಕ್ಕೆ ಅವರಿಗೆ ಒಂದು ಹೆಣ್ಣುಮಗು ಹುಟ್ಟಿತು. ನೀಲವ್ವ ಅಂತ ಹೆಸರಿಟ್ಟರು. ಮಗುವಿನ ಪಟ ತೆಗೆಯುವ ಮಾತನ್ನು ಕಲ್ಲವ್ವ ಆಡಗೊಡಲಿಲ್ಲ. ಸಾವಿನ ಮನೆಯಿಂದ ಬಂದವನು ಮಗುವನ್ನು ಮುಟ್ಟುವುದೂ ಅವಳಿಗೆ ಆಗುತ್ತಿರಲಿಲ್ಲ. ಅವನು ಸ್ನಾನ ಮಾಡಿ, ಬಟ್ಟೆ ಬದಲಿಸಿ, ದೇವರಿಗೆ ಕೈಮುಗಿದು ಒಳಗೆ ಬರುವಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತಿತ್ತು. ಎಬ್ಬಿಸಿದರೆ ಅತ್ತೀತು ಅಂತ ಅವನು ತೊಟ್ಟಿಲ ಪಕ್ಕ ಸುಮ್ಮನೆ ಕೂತು ನೋಡುತ್ತಿದ್ದ. ಹಾಗೇ ದಿನ ಹೋದವು. ನಾಳೆ ಎತ್ತಿಕೊಂಡರಾಯಿತು ಅಂತ ಅವನೂ ಅಂದುಕೊಂಡಿದ್ದ, ಪಾಪ.

ಒಂದು ಬೇಸಿಗೆಯಲ್ಲಿ ಮಗುವಿಗೆ ಜ್ವರ ಬಂತು. ಹಾಲು ಬಿಟ್ಟಿತು, ಸೊರಗಿತು, ಒಂದು ಬೆಳಗ್ಗೆ ಹೋಗಿಬಿಟ್ಟಿತು. ಸೂಲಗಿತ್ತಿ ಹನುಮವ್ವ ಬಂದು ನೋಡಿ, ಮಗುವಿನ ಬಟ್ಟೆ ರಾತ್ರಿ ಹೊರಗೆ ಒಣಹಾಕಿದ್ದಿರಿ, ಅದರ ಮೇಲೆ ಗುಮ್ಮನ ನೆರಳು ಬಿದ್ದಿದೆ, ಇದು ಹಕ್ಕಿದೋಷ ಅಂದಳು. ಜೋಡುಗುಂಡಿನ ಸಂದಿಯಲ್ಲಿ ಒಂದು ಕೊಂಬಿನ ಗುಮ್ಮ, ಅಂದರೆ ದೊಡ್ಡ ಗೂಬೆ, ಮರಿ ಮಾಡಿರುವುದು ಊರಿಗೆಲ್ಲ ಗೊತ್ತಿತ್ತು. ಯಾರ ತಪ್ಪಿಗೋ ಯಾರ ಮೇಲೋ ಗೂಬೆ ಕೂರಿಸುವುದನ್ನು ನೋಡಿದ್ದೀರಿ. ಆ ಊರಿನವರು ಗೂಬೆಯ ತಲೆಯ ಮೇಲೇ ಗೂಬೆ ಕೂರಿಸಿದರು.

ಬದುಕಿದ್ದಾಗ ಪಟ ಬೇಡವೆಂದಿದ್ದ ಕಲ್ಲವ್ವ ಈಗ ತಾನೇ ಕೇಳಿಕೊಂಡಳು. ಅಡಿವೆಪ್ಪ ಮಗಳನ್ನು ದಿಂಬಿಗೆ ಒರಗಿಸಿ ಕೂರಿಸಿ ಪಟ ತೆಗೆದ. ಮಣ್ಣು ಮಾಡಿ ಬಂದ ಮೇಲೆ ಕಲ್ಲವ್ವ ಕೇಳಿದ್ದು ಒಂದೇ ಮಾತು.

"ಎಲ್ಲಾರ ಕಣ್ಣು ತೆರಸ್ತೀರಿ. ನನ್ನ ಮಗಳ ಕಣ್ಣೂ ತೆರಸ್ರಿ. ಒಮ್ಮೆ ನನ್ನ ನೋಡ್ಲಿ."

ಅಡಿವೆಪ್ಪ ಕುಂಚ ಹಿಡಿದು ಕೂತ. ಕೈ ಮುಂದೆ ಹೋಗಲಿಲ್ಲ. ಎಂಥೆಂಥವರ ಕಣ್ಣನ್ನೋ ಮನೆಯವರ ಮಾತು ಕೇಳಿಯೇ ಬರೆದವನಿಗೆ ತನ್ನ ಮಗಳ ಕಣ್ಣು ಹೇಗಿತ್ತು ಅನ್ನುವುದು ಗೊತ್ತಿರಲಿಲ್ಲ. ಅವನು ನೋಡಿದ್ದೆಲ್ಲ ಮಲಗಿದ ಮಗುವನ್ನು. ನಾಚಿಕೆ ಬಿಟ್ಟು ಹೆಂಡತಿಯನ್ನು ಕೇಳಿದ.

"ಕಣ್ಣು ಕಣ್ಣಿನಂಗ ಇದ್ವು," ಅಂದಳು ಅವಳು. "ಏನಂತ ಹೇಳ್ಲಿ?"

ಆ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಕೂತಿತು. ಮನೆಯಲ್ಲಿರಲಾರದೆ ಒಂದು ಸಂಜೆ ಗುಡ್ಡ ಹತ್ತಿದ. ಮಗಳನ್ನು ತಿಂದ ಹಕ್ಕಿಯನ್ನು ಒಮ್ಮೆ ನೋಡಬೇಕೆಂದು ಹೋದ ಅಂತಾರೆ. ಕೈಯಲ್ಲಿ ಕಲ್ಲಿತ್ತು ಅಂತಲೂ ಅಂತಾರೆ. ಇದ್ದಿರಬಹುದು, ಅವನೂ ಮನುಷ್ಯನೇ.

ಗುಂಡುಗಳ ಸಂದಿಯಲ್ಲಿ, ಬರೀ ನೆಲದ ಮೇಲೆ, ಎರಡು ಮರಿಗಳು ಕೂತಿದ್ದವು. ಮೈತುಂಬ ಬೂದುಬಿಳಿ ತುಪ್ಪಳ. ಸುತ್ತ ಇಲಿಯ ಮೂಳೆ. ಅವನನ್ನು ಕಂಡು ಮೈ ಉಬ್ಬಿಸಿದವು, ರೆಕ್ಕೆ ಹರಡಿ ದೊಡ್ಡವರ ಹಾಗೆ ಮಾಡಿದವು, ಕೊಕ್ಕು ಕಟಕಟ ಅನ್ನಿಸಿದವು. ಆಮೇಲೆ ಸುಸ್ತಾಗಿ ಒಂದರ ಮೇಲೊಂದು ಒರಗಿ ಅವನನ್ನೇ ನೋಡುತ್ತಾ ಕೂತವು. ರೆಪ್ಪೆ ಬಡಿಯದ ಎರಡು ಜೊತೆ ಕಿತ್ತಳೆ ಕಣ್ಣು. ಅವನನ್ನು ಅಷ್ಟು ಹೊತ್ತು ಯಾರೂ ಹಾಗೆ ನೋಡಿರಲಿಲ್ಲ. ಕಲ್ಲು ಎಲ್ಲಿ ಬಿತ್ತೋ, ಅಡಿವೆಪ್ಪ ಅಲ್ಲೇ ಕೂತು ಗಟ್ಟಿಯಾಗಿ ಅತ್ತನಂತೆ.

ಮಾರನೆಯ ಸಂಜೆ ಪೆಟ್ಟಿಗೆ ಹೊತ್ತು ಹೋದ. ಅದರ ಮಾರನೆಯ ಸಂಜೆಯೂ ಹೋದ. ಹೋಗುತ್ತಾ ಹೋಗುತ್ತಾ ಅವುಗಳ ರೀತಿ ಕಲಿತ. ಹತ್ತಿರ ಹೋಗಬಾರದು. ತಾಯಿ ಬರುವ ದಾರಿಗೆ ಅಡ್ಡ ಕೂರಬಾರದು. ಹೆಚ್ಚು ಹೊತ್ತು ನಿಂತರೆ ತಾಯಿ ಇಲಿ ಹಿಡಿದುಕೊಂಡು ಪಕ್ಕದ ಹುಣಸೆಮರದಲ್ಲೇ ಕೂತುಬಿಡುತ್ತದೆ, ಮರಿಗಳು ಹಸಿದು ಸಿಳ್ಳು ಹಾಕುತ್ತವೆ. ಅದಕ್ಕೆ ಅವನು ಪಟ ತೆಗೆದು, ಕೂಡಲೇ ಕರಿಬಟ್ಟೆ ಮಡಚಿಕೊಂಡು ಇಳಿದುಬಿಡುತ್ತಿದ್ದ. ಅವನ ಪೆಟ್ಟಿಗೆಯ ಮುಂದೆ ಬದುಕಿರುವ ಜೀವ ಕೂತದ್ದು ಅದೇ ಮೊದಲು. ಚಿಕ್ಕ ಮರಿ ತಲೆ ಆಡಿಸಿ ಎಷ್ಟೋ ಪಟ ಕೆಡಿಸಿತಂತೆ, ಅವನಿಗೆ ಸಿಟ್ಟೇ ಬರಲಿಲ್ಲವಂತೆ. ಕೊನೆಗೆ ಒಂದು ಪಟ ಚೊಕ್ಕವಾಗಿ ಬಂತು. ಕಣ್ಣುಗಳು ಬರೆಯದೆಯೇ ತೆರೆದಿದ್ದವು.

ಆ ಖುಷಿಯಲ್ಲಿ, ಮರಿಗಳ ಆ ನೋಟ ಕಣ್ಣಿಂದ ಹೋಗುವುದರೊಳಗೆ, ಮಗಳ ಪಟ ಮುಂದಿಟ್ಟುಕೊಂಡು ಕಣ್ಣು ತೆರೆಸಿದ. ಕೈ ತಡೆಯಲಿಲ್ಲ. ಇಂಥ ಜೀವವಿರುವ ಕಣ್ಣು ತಾನು ಎಂದೂ ಬರೆದಿರಲಿಲ್ಲ ಅನ್ನಿಸಿತು ಅವನಿಗೆ. ಕಲ್ಲವ್ವನನ್ನು ಕರೆದು ತೋರಿಸಿದ.

ಅವಳು ನೋಡಿದಳು. ನೆರೆಯವರು ಬಂದು ನೋಡಿದರು. ಹನುಮವ್ವ ನೋಡಿ ಹಿಂದೆ ಸರಿದಳು. ಅಗಲವಾಗಿ, ದುಂಡಗೆ, ರೆಪ್ಪೆ ಬಡಿಯದೆ, ದಿಂಬಿಗೆ ಒರಗಿದ ಮಗು ಗುಮ್ಮನ ಕಣ್ಣಿನಿಂದ ನೋಡುತ್ತಿತ್ತು. ಅಡಿವೆಪ್ಪನಿಗೆ ಆಗ ಕಂಡಿತು ತಾನು ಮಾಡಿದ್ದು.

ಊರಿಗೆ ಇನ್ನೇನು ಸಾಕ್ಷಿ ಬೇಕು? ಮಗುವನ್ನು ಗುಮ್ಮನೇ ನುಂಗಿದ್ದು, ಪಟದಲ್ಲೇ ಬಂದಿದೆ ಅಂದರು. ಅವನು ಕೈಮುಗಿದು, ತಪ್ಪು ನನ್ನದು, ಕುಂಚ ನನ್ನದು ಅಂತ ಬೇಡಿಕೊಂಡ. ಊರ ಗೌಡ ಕಲ್ಲವ್ವನ ಕಡೆ ನೋಡಿದ. ಕಳೆದುಕೊಂಡವಳು ಅವಳು, ಅವಳು ಹೇಳಿದಂತೆ ಆಗಲಿ ಅಂದ.

"ಸುಡ್ರಿ ಆ ಗುಮ್ಮನ್ನ," ಅಂದಳು ಕಲ್ಲವ್ವ.

ಗಂಡಸರು ಹುಲ್ಲು, ಒಣಮೆಣಸಿನಕಾಯಿ ಹೊತ್ತು ಗುಡ್ಡ ಹತ್ತಿದರು. ಸಂದಿಗೆ ತುಂಬಿ ಬೆಂಕಿಯಿಟ್ಟರು. ಅಡಿವೆಪ್ಪನನ್ನು ಹಿಡಿದು ನಿಲ್ಲಿಸಿದ್ದರು. ತಾಯಿ ಹಕ್ಕಿ ಹಗಲಲ್ಲೇ ಹೊರಗೆ ಬಂದು ಹೊಗೆಯ ಸುತ್ತ ಸುತ್ತಿತು, ಕಾಗೆಗಳು ಅಟ್ಟಿಸಿಕೊಂಡು ಬಂದರೂ ಹೋಗಲಿಲ್ಲ. ಹೊಗೆ ಇಳಿದ ಮೇಲೆ ಎಲ್ಲರೂ ಮನೆಗೆ ಹೋದರು. ಅವನನ್ನು ಬಿಟ್ಟರು.

ಅಡಿವೆಪ್ಪ ಒಳಗೆ ಹೋಗಿ ನೋಡಿದ. ಬೆಂಕಿ ತಾಗಿರಲಿಲ್ಲ, ಹೊಗೆಯೇ ಸಾಕಾಗಿತ್ತು. ಎರಡೂ ಮೂಲೆಯಲ್ಲಿ ಒಂದಕ್ಕೊಂದು ಒರಗಿಕೊಂಡಿದ್ದವು, ಕಣ್ಣು ಮುಚ್ಚಿಕೊಂಡಿದ್ದವು. ಅವನು ಬೂದಿ ಒರೆಸಿದ. ಬಂಡೆಗೆ ಒರಗಿಸಿ ಕೂರಿಸಿದ. ಪೆಟ್ಟಿಗೆ ತಂದು, ಮನುಷ್ಯರಿಗೆ ಮಾಡುವ ಹಾಗೆಯೇ ಶಿವನಾಮ ಹೇಳಿ ಪಟ ತೆಗೆದು, ಅಲ್ಲೇ ಗುಂಡಿ ತೋಡಿ ಮಣ್ಣು ಮಾಡಿ ಬಂದ.

ಆ ಪಟ ಒಣಗುವಾಗ ಕಲ್ಲವ್ವ ಬಂದು ನಿಂತಳು. ತುಂಬಾ ಹೊತ್ತು ನೋಡಿದಳು. ಹತ್ತಿರದಿಂದ ಅವಳು ಆ ಮರಿಗಳನ್ನು ನೋಡಿದ್ದು ಅದೇ ಮೊದಲು.

"ಕೂಸುಗಳು," ಅಂದಳು. ಆಮೇಲೆ, "ಇವಕ್ಕೂ ಕಣ್ಣು ತೆರಸ್ತೀರೇನು?"

"ಇಲ್ಲ," ಅಂದ ಅಡಿವೆಪ್ಪ. "ಇನ್ನ ಯಾರ ಕಣ್ಣೂ ತೆರಸಂಗಿಲ್ಲ."

ಮಗಳ ಪಟ ತೆಗೆದುಕೊಂಡು, ಒದ್ದೆ ಬಟ್ಟೆಯ ತುದಿಯಿಂದ, ನೋವಾಗಬಾರದು ಅನ್ನುವ ಹಾಗೆ, ತಾನು ಬರೆದದ್ದನ್ನು ಅಳಿಸಿದ. ಬಣ್ಣ ಹೋಯಿತು. ಕೆಳಗೆ ಮುಚ್ಚಿದ ರೆಪ್ಪೆಗಳಿದ್ದವು. ಕಲ್ಲವ್ವ ಅದನ್ನು ಕೈಗೆ ತೆಗೆದುಕೊಂಡು ಎದೆಗೆ ಒತ್ತಿಕೊಂಡಳು.

"ಇದು ನನ್ನ ನೀಲಿ," ಅಂದಳು. "ಮಕ್ಕೊಂಡಾಳ." ಅಷ್ಟು ದಿನ ಅಳದವಳು ಆಗ ಅತ್ತಳಂತೆ.

ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಗುಮ್ಮ ಎಷ್ಟೋ ಬೇಸಿಗೆ ಆ ಗುಂಡುಗಳ ಸಂದಿಗೆ ಬರಲಿಲ್ಲ. ಬಂದ ವರ್ಷ ಗುಡ್ಡದ ದಾರಿಗೆ ಮುಳ್ಳುಬೇಲಿ ಹಾಕಿ ಕಾವಲು ಕೂತವಳು ಕಲ್ಲವ್ವ. ಅಡಿವೆಪ್ಪ ಬದುಕಿದ್ದ ಮಕ್ಕಳ ಪಟ ತೆಗೆಯುತ್ತೇನೆ ಅಂತ ಮನೆ ಮನೆಗೆ ಹೋದ. ಮೊದಮೊದಲು ಬಾಗಿಲು ಹಾಕಿಕೊಂಡರು, ಆಮೇಲೆ ಒಬ್ಬಳು ತೆರೆದಳು, ಆಮೇಲೆ ಎಲ್ಲರೂ ತೆರೆದರು. ಅವನು ಸತ್ತಾಗ ಪಟ ತೆಗೆಯುವವರು ಯಾರೂ ಇರಲಿಲ್ಲ. ಹಾಗಾಗಿ ಅವನ ಮುಖ ಹೇಗಿತ್ತು ಅಂತ ಯಾರಿಗೂ ತಿಳಿಯದು. ಸಂಜೆ ಹೊತ್ತು ಗುಮ್ಮ ಅವನ ಹೆಗಲ ಮೇಲೆ ಬಂದು ಕೂರುತ್ತಿತ್ತು ಅಂತಾರೆ. ಅದು ಪ್ರೀತಿಗೆ ಸೇರಿಸಿ ಹೇಳುವ ಮಾತು, ನಂಬಲೇಬೇಕೆಂದಿಲ್ಲ.

ಆದರೆ ಇದನ್ನು ನಂಬಿ. ಇವತ್ತಿಗೂ ಜೋಡುಗುಂಡಿನಲ್ಲಿ ಸತ್ತವರ ಪಟಕ್ಕೆ ಕಣ್ಣು ತೆರೆಸುವುದಿಲ್ಲ. ಗುಂಡಿನಲ್ಲಿ ಮರಿ ಇರುವಷ್ಟು ದಿನ ಗುಡ್ಡದ ಕಡೆ ಯಾರೂ ಬೆಂಕಿ ಹಚ್ಚುವುದಿಲ್ಲ. ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಆದರೂ ಮಗುವಿನ ಮೊದಲ ಪಟಕ್ಕೆ ಆ ಊರಿನಲ್ಲಿ ಒಂದು ಕಟ್ಟಳೆಯಿದೆ. ತಾಯಿ ಮಗುವನ್ನು ತಂದೆಯ ತೊಡೆಯ ಮೇಲೆ ಕೂರಿಸುತ್ತಾಳೆ. ತಂದೆ ಮೊಬೈಲು ಕೆಳಗಿಟ್ಟು ಮಗುವಿನ ಕಣ್ಣನ್ನೇ ನೋಡಬೇಕು, ತಾಯಿ ಸಾಕು ಅನ್ನುವವರೆಗೂ ನೋಡಬೇಕು. ಆಮೇಲೆಯೇ ಪಟ.

ಆ ಊರಿನ ತಾಯಂದಿರು ಅಷ್ಟು ಬೇಗ ಸಾಕು ಅನ್ನುವುದಿಲ್ಲ.