ಬೆಟ್ಟಕ್ಕೆ ಬೂದಿ ಎರಚಿದ ನರಿ

ಹಿಮದ ಬೆಟ್ಟದ ಬುಡದಲ್ಲಿದ್ದ ಒಂದು ಕಾಡಿನಲ್ಲಿ ಸುಂಕವ್ವ ಎಂಬ ನೀರುನಾಯಿ ತನ್ನ ಮರಿಗಳೊಂದಿಗೆ ಹೊಳೆಯ ಮಡುವಿನಲ್ಲಿ ವಾಸವಾಗಿದ್ದಳು. ಮೇಲೆ ಹಿಮ ಕರಗಿದರೆ ಕೆಳಗೆ ಹೊಳೆ. ಹೊಳೆ ಹರಿದರೆ ಮರಿಗಳಿಗೆ ಮೀನು.

ಅಲ್ಲೊಂದು ಪದ್ಧತಿ ಇತ್ತು. ಚಳಿ ಮುಗಿಯುತ್ತಿದ್ದಂತೆ ಪ್ರಾಣಿಗಳೆಲ್ಲ ಹೋಗಿ ಅಂಚಿನ ಹಿಮಕ್ಕಷ್ಟೇ ಬೂದಿ ಎರಚುತ್ತಿದ್ದವು. ಕಪ್ಪಾದ ಹಿಮ ಬಿಸಿಲಿಗೆ ಬೇಗ ಕರಗುತ್ತಿತ್ತು. ಉಳಿದ ಹಿಮ ಬೇಸಿಗೆಗೆ. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ವರ್ಷದಿಂದ ವರ್ಷಕ್ಕೆ ಸೆಕೆ ಏರಿತು. ಚಳಿಗಾಲದಲ್ಲೂ ಹಿಮದ ಬದಲು ಮಳೆ ಬೀಳತೊಡಗಿತು. ಬೆಟ್ಟದ ಬಿಳಿ ಪಂಚೆ ಕುಗ್ಗಿ ಲಂಗೋಟಿಯಾಯಿತು.

ಒಂದು ನರಿ ಬಂಡೆ ಹತ್ತಿ, ಪೊದೆಯಂಥ ಬಾಲ ಬೀಸಿ ಭಾಷಣ ಮಾಡಿತು. "ಅಣ್ಣಂದಿರಾ, ಅಕ್ಕಂದಿರಾ! ಇಡೀ ಬೆಟ್ಟಕ್ಕೇ ಬೂದಿ ಎರಚೋಣ. ಹೊಳೆ ಹೇಗೆ ಉಕ್ಕುತ್ತೆ ನೋಡಿ!"

ನೆರೆ ಇಳಿದಾಗ ಮೀನಿನ ರಾಶಿ ಬೀಳುವುದು ನರಿಯ ಗುಹೆಯ ಮುಂದಿನ ತಗ್ಗಿನಲ್ಲೇ. ಭಾಷಣದಲ್ಲಿ ಅದನ್ನು ಹೇಳಲಿಲ್ಲ, ಬಿಡಿ.

"ಇರೋದೇ ಲಂಗೋಟಿ. ಅದನ್ನೂ ಬಿಚ್ಚಿದರೆ ಬೇಸಿಗೆಗೆ ಏನು ಕುಡೀತೀಯಪ್ಪಾ?" ಎಂದಳು ಸುಂಕವ್ವ.

"ಅಯ್ಯೋ ಅಕ್ಕಾ, ನಿನ್ನದು ಯಾವಾಗಲೂ ಅಪಶಕುನದ ಮಾತು!"

ಎಲ್ಲರೂ ನಕ್ಕರು. ಕರಡಿಯಂತೂ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಬೂದಿ ಬಿತ್ತು. ಹೊಳೆ ಉಕ್ಕಿತು. ನರಿಗೆ ಜೈಕಾರ, ನರಿಗೇ ಮೀನು. ಸುಂಕವ್ವ ಮಾತ್ರ ಕೊಚ್ಚಿಹೋಗುತ್ತಿದ್ದ ಮರಿಗಳನ್ನು ಕಚ್ಚಿ ಹಿಡಿದು ದಡಕ್ಕೆಳೆದಳು.

ಬೇಸಿಗೆಯ ನಡುವೆ ಹೊಳೆ ನಿಂತೇಹೋಯಿತು. "ಅವ್ವಾ, ನೀರು" ಎಂದವು ಮರಿಗಳು. ಸುಂಕವ್ವ ಅವನ್ನು ಕರೆದುಕೊಂಡು ಬೆಟ್ಟ ಹತ್ತಿದಳು. ಬಿಸಿಲು ಅಷ್ಟಾಗಿ ತಾಗದ ಒಂದು ಬಿರುಕಿನಲ್ಲಿ, ಬೂದಿ ಮೆತ್ತಿದ ಚೂರು ಹಿಮ ತೊಟ್ಟಿಕ್ಕುತ್ತಿತ್ತು. ಹಿಂದೆಯೇ ಇಡೀ ಕಾಡು ಬಂತು. ನರಿಯೂ ನಾಲಿಗೆ ಚಾಚಿಕೊಂಡು ಬಂತು.

"ಬೆಟ್ಟ ನಮಗೆ ಮೋಸ ಮಾಡಿತು!" ಎಂದಿತು.

"ಬಾಯಿ ಮುಚ್ಚು!" ಸುಂಕವ್ವ ಗುಡುಗಿದಳು. "ಬೆಟ್ಟ ಇದ್ದದ್ದನ್ನೆಲ್ಲ ಕೊಟ್ಟಿತು. ನೀನು ಒಂದೇ ಹಬ್ಬಕ್ಕೆ ಮುಗಿಸಿದೆ. ಈ ಬೂದಿ ಹೋಗದಿದ್ದರೆ ಇದೂ ನಾಳೆಗೆ ಇರಲ್ಲ. ಮೆತ್ತಗೆ ಗುಡಿಸಬೇಕು."

ಎಲ್ಲರ ಕಣ್ಣೂ ನರಿಯ ಬಾಲದ ಮೇಲೆ ಬಿತ್ತು.

"ಛೇ ಛೇ, ನನ್ನ ಬಾಲ!"

ಕರಡಿ ದಾರಿಗೆ ಅಡ್ಡ ಕೂತಿತು. "ಗುಡಿಸು ಮಾರಾಯ. ನಾವು ಕುಡಿದ ಮೇಲೆ ನಿನಗೆ."

"ನೀನೇನು ಕೂತೆ?" ಎಂದಳು ಸುಂಕವ್ವ. "ಹೊಟ್ಟೆ ಹಿಡಿದು ನಕ್ಕಿದ್ದೆಯಲ್ಲ, ಹಿಮಕ್ಕೆ ನೆರಳು ಮಾಡಲು ಸೊಪ್ಪು ತಾ!"

ತೊಟ್ಟು ನೀರಿಗೆ ಇಡೀ ಕಾಡು ಸರದಿ ನಿಂತಿತು. ಮಳೆ ಬರುವ ಹೊತ್ತಿಗೆ ನರಿಯ ಬಾಲ ಸವೆದು ಕಡ್ಡಿಯಾಗಿತ್ತು. ಆಮೇಲೆ ಅದು ಭಾಷಣಕ್ಕೆಂದು ಬಂಡೆ ಹತ್ತಿದಾಗಲೆಲ್ಲ ಸುಂಕವ್ವನ ಮರಿಗಳು ಕೂಗುತ್ತಿದ್ದವು: "ಪೊರಕೆ ಬಂತು, ಪೊರಕೆ!"

ನೀತಿ: ಬೆಟ್ಟದ ಹಿಮ ನಾಳೆಯ ನೀರು. ಅದನ್ನು ಇವತ್ತೇ ಕರಗಿಸುವವನಿಗೆ ಜೈಕಾರ ಹಾಕಿದವರೂ ನಾಳೆ ಬಾಯಾರಲೇಬೇಕು.